ಕಾಲದ ತೀರ್ಪಿಗೆ ಮೈಸೂರಿನಿಂದ ಒಂದು ಮೇಲ್ಮನವಿ

ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ತನ್ನ ಮೂರನೆಯ ಹಾಗೂ ಕೊನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ್ದಾನೆ. ನಮ್ಮಲ್ಲಿ ಈ ಸಂಗತಿ ಗೊತ್ತಿರುವವರು ಇದನ್ನು ಅರಮನೆಯ ಹಿರಿಮೆಗಳ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತಾರೆ. ಯುರೋಪಿನ ಸಂಗೀತಚರಿತ್ರೆ ಬರೆಯುವವರು ಇದನ್ನೊಂದು ಸ್ವಾರಸ್ಯದ ಅಡಿಟಿಪ್ಪಣಿಯಾಗಿಸಿ ಮುಂದೆ ಹೋಗುತ್ತಾರೆ. ಎರಡೂ ಕಡೆ ಇದಕ್ಕೆ ಸಲ್ಲಬೇಕಾದ ಬೆಲೆ ಸಂದಿಲ್ಲ ಎಂಬುದು ನನ್ನ ವಾದ. ಮರೆತುಹೋದ ಸಂಗೀತ ಮತ್ತೆ ಕಿವಿಗೆ ಬೀಳುವುದು ಹೇಗೆ, ಅದಕ್ಕೆ ಯಾರು ಬೇಕು, ಯಾವ ಯಂತ್ರ ಬೇಕು, ಎಷ್ಟು ಹಣ ಬೇಕು ಎಂಬ ಪ್ರಶ್ನೆಗಳಿಗೆ ಮೈಸೂರಿನ ಈ ಪ್ರಸಂಗದಲ್ಲಿ ಸಿಗುವಷ್ಟು ಸ್ಪಷ್ಟ ಉತ್ತರ ಬೇರೆಡೆ ಸಿಗುವುದು ಅಪರೂಪ. ಕಳೆದ ಅರ್ಧ ಶತಮಾನದಲ್ಲಿ ಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನದ ಹತ್ತಾರು ಅಲಕ್ಷಿತ ಸಂಗೀತಕಾರರು ಧ್ವನಿಮುದ್ರಣಗಳ ಮೂಲಕ ಎದ್ದುಬಂದಿದ್ದಾರೆ. ಆ ದಾರಿಯನ್ನು ಮೊದಲೇ ತುಳಿದು ತೋರಿಸಿದವರಲ್ಲಿ ಲಂಡನ್ನಿನಿಂದ ಸಾವಿರಾರು ಮೈಲಿ ದೂರ ಕುಳಿತಿದ್ದ ಒಬ್ಬ ಕೇಳುಗರೂ ಇದ್ದರು.

ಒಳ್ಳೆಯ ಸಂಗೀತ ಉಳಿಯುತ್ತದೆ, ಸಾಧಾರಣವಾದದ್ದು ಅಳಿಯುತ್ತದೆ, ಕಾಲವೇ ಎಲ್ಲಕ್ಕಿಂತ ದೊಡ್ಡ ವಿಮರ್ಶಕ ಎಂಬ ನಂಬಿಕೆ ಎಲ್ಲ ಸಂಗೀತ ಪರಂಪರೆಗಳಲ್ಲೂ ಇದೆ. ಪಶ್ಚಿಮದಲ್ಲಿ ಈ ನಂಬಿಕೆ ಗಟ್ಟಿಯಾದದ್ದು ರೊಮ್ಯಾಂಟಿಕ್ ಯುಗದಲ್ಲಿಯೇ ಎಂಬುದು ಗಮನಿಸತಕ್ಕ ವಿಷಯ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಕಛೇರಿಗಳಲ್ಲಿ ಕೇಳಿಬರುತ್ತಿದ್ದದ್ದು ಹೆಚ್ಚಾಗಿ ಬದುಕಿದ್ದವರ ಸಂಗೀತ. 1829ರಲ್ಲಿ ಬರ್ಲಿನ್ನಿನಲ್ಲಿ ಯುವಕ ಮೆಂಡೆಲ್ಸನ್ ಬಾಖ್‌ನ ಸಂತ ಮ್ಯಾಥ್ಯೂ ಪ್ಯಾಶನ್ನನ್ನು ಮತ್ತೆ ಹಾಡಿಸಿದ ಮೇಲೆ ಹಳೆಯ ಮಹಾಕೃತಿಗಳ ಆರಾಧನೆ ಬಲವಾಯಿತು. ಶತಮಾನದ ಉತ್ತರಾರ್ಧಕ್ಕೆ ಬರುವಷ್ಟರಲ್ಲಿ ದೊಡ್ಡ ಸಭಾಂಗಣಗಳನ್ನು ಸತ್ತವರೇ ಆಳುತ್ತಿದ್ದರು. ಸತ್ತವರಿಗೆ ಹೀಗೆ ಪೀಠ ಹಾಕಿಕೊಟ್ಟ ಯುಗವೇ ತನ್ನ ಜೊತೆಯವರಲ್ಲಿ ಬಹುಪಾಲು ಮಂದಿಯನ್ನು ಬಾಗಿಲಾಚೆ ನಿಲ್ಲಿಸಿತು. ವರ್ಷಕ್ಕೆ ನಡೆಯುವ ಕಛೇರಿಗಳ ಸಂಖ್ಯೆಗೆ ಮಿತಿಯಿದೆ. ಬೀಥೋವನ್‌ನ ಒಂಬತ್ತು ಸಿಂಫನಿಗಳು ಪ್ರತಿ ಋತುವಿನಲ್ಲೂ ಬರಬೇಕೆಂದಾದರೆ ಉಳಿದವರಿಗೆ ಸಿಗುವ ಸಂಜೆಗಳು ಎಷ್ಟು? ಹೊಸಬನ ಕೃತಿಗೆ ಅಭ್ಯಾಸದ ಸಮಯ ಹೆಚ್ಚು ಬೇಕು, ವಾದ್ಯವಾರು ಪ್ರತಿಗಳನ್ನು ಬರೆಸಬೇಕು ಇಲ್ಲವೇ ಅಚ್ಚುಹಾಕಿಸಬೇಕು, ಟಿಕೆಟ್ಟು ಮಾರಾಟವಾಗುವ ಭರವಸೆ ಬೇರೆ ಇಲ್ಲ. ಕಾಲ ಕೊಟ್ಟಿತೆನ್ನಲಾದ ತೀರ್ಪಿನಲ್ಲಿ ಈ ಲೆಕ್ಕಾಚಾರದ ಪಾಲು ನಾವು ಎಣಿಸುವುದಕ್ಕಿಂತ ದೊಡ್ಡದು.

ಸ್ವೀಡನ್ನಿನ ಫ್ರಾನ್ಸ್ ಬರ್ವಾಲ್ಡ್‌ನನ್ನೇ ತೆಗೆದುಕೊಳ್ಳಿ. 1845ರಲ್ಲಿ ಅವನು ಬರೆದ ‘ಸಿಂಫೊನಿ ಸಿಂಗುಲಿಯೇರ್’ ಮೊದಲ ಬಾರಿಗೆ ನುಡಿಸಲ್ಪಟ್ಟದ್ದು 1905ರಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತು 37 ವರ್ಷಗಳಾಗಿದ್ದವು. ಅವನ ಪ್ರೌಢ ಸಿಂಫನಿಗಳಲ್ಲಿ ಅವನ ಜೀವಿತಕಾಲದಲ್ಲಿ ಕೇಳಿಬಂದದ್ದು ಒಂದೇ ಒಂದು. ಹೊಟ್ಟೆಪಾಡಿಗಾಗಿ ಅವನು ಬರ್ಲಿನ್ನಿನಲ್ಲಿ ಮೂಳೆರೋಗಗಳ ಚಿಕಿತ್ಸಾಲಯ ನಡೆಸಿದ, ಆಮೇಲೆ ಉತ್ತರ ಸ್ವೀಡನ್ನಿನಲ್ಲಿ ಗಾಜಿನ ಕಾರ್ಖಾನೆಯೊಂದರ ವ್ಯವಸ್ಥಾಪಕನಾದ. ಅವನನ್ನು ಕಾಲ ತಿರಸ್ಕರಿಸಿತು ಎಂದರೆ ಅರ್ಥವೇ ಇಲ್ಲ, ಅವನ ಅಹವಾಲು ಯಾರ ಕಿವಿಗೂ ಬಿದ್ದಿರಲಿಲ್ಲ. ಫ್ಯಾನಿ ಮೆಂಡೆಲ್ಸನ್‌ಳ ಕಥೆ ಇನ್ನೂ ವಿಚಿತ್ರ. 1828ರಲ್ಲಿ ಅವಳು ಬರೆದ ‘ಈಸ್ಟರ್ ಸೊನಾಟಾ’ದ ಹಸ್ತಪ್ರತಿ ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕಿದಾಗ, ಹೆಸರಿನ ಮೊದಲಕ್ಷರ ಒಂದೇ ಆದ್ದರಿಂದಲೂ ಹೆಂಗಸು ಇಂಥದ್ದನ್ನು ಬರೆದಿರಲಾರಳು ಎಂಬ ಪೂರ್ವಗ್ರಹದಿಂದಲೂ ಅದು ತಮ್ಮ ಫೆಲಿಕ್ಸ್‌ನ ಲೆಕ್ಕಕ್ಕೆ ಸೇರಿತು, ಅವನ ಹೆಸರಿನಲ್ಲೇ ಧ್ವನಿಮುದ್ರಣವೂ ಆಯಿತು. ಅಮೆರಿಕದ ಸಂಶೋಧಕಿ ಏಂಜೆಲಾ ಮೇಸ್ 2010ರಲ್ಲಿ ಅದು ಫ್ಯಾನಿಯದೆಂದು ಸಾಬೀತುಪಡಿಸಿದ ಮೇಲೆ, 2017ರ ಮಾರ್ಚ್ 8ರಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಅದನ್ನು ಅವಳ ಹೆಸರಿನಲ್ಲಿ ನುಡಿಸಲಾಯಿತು. ಸ್ವರಗಳಲ್ಲಿ ಒಂದೂ ಬದಲಾಗಿರಲಿಲ್ಲ. ಇಂಥ ಉದಾಹರಣೆಗಳಿರುವಾಗ ‘ಕಾಲದ ತೀರ್ಪು’ ಎನ್ನುವವರು ವಿಚಾರಣೆ ಯಾವಾಗ ನಡೆಯಿತು ಎಂಬುದನ್ನು ಮೊದಲು ತೋರಿಸಬೇಕಾಗುತ್ತದೆ.

ಇಲ್ಲಿ ನಮ್ಮ ಅನುಭವಕ್ಕೂ ಪಶ್ಚಿಮದವರ ಅನುಭವಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹರಿದಾಸರ ಪದಗಳಲ್ಲಿ ಬಹಳಷ್ಟಕ್ಕೆ ಮೂಲ ಧಾಟಿ ಕಳೆದುಹೋಗಿದೆ. ಸಾಹಿತ್ಯ ಉಳಿದಿದೆ, ನಾವು ಈಗ ಕೇಳುವ ರಾಗಗಳು ಹೆಚ್ಚಾಗಿ ನಂತರದವರು ಕೂಡಿಸಿದವು. ಬಾಯಿಂದ ಬಾಯಿಗೆ ಬರುವ ಸಂಗೀತದಲ್ಲಿ ಒಂದು ತಲೆಮಾರು ಹಾಡುವುದನ್ನು ನಿಲ್ಲಿಸಿದರೆ ಮೇಲ್ಮನವಿಗೆ ದಾರಿಯಿಲ್ಲ. ಯುರೋಪಿನ ಸಂಗೀತ ಕಾಗದದ ಮೇಲಿದೆ. ಗ್ರಂಥಾಲಯದಲ್ಲಿ ನೂರು ವರ್ಷ ಧೂಳು ತಿಂದರೂ ಕೃತಿ ಸಾಯುವುದಿಲ್ಲ. ಆದರೆ ಕಾಗದ ತಾನಾಗಿ ನುಡಿಯುವುದೂ ಇಲ್ಲ. ಸ್ವರಲಿಪಿಯನ್ನು ಕಣ್ಣಿನಿಂದ ಓದಿ ಮನಸ್ಸಿನಲ್ಲಿ ಕೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ, ಅವರೂ ಹೆಚ್ಚಾಗಿ ವೃತ್ತಿಯವರೇ. ಹೀಗಾಗಿ ಕೃತಿ ಉಳಿಯುವುದಕ್ಕೂ ಅದು ಕೇಳಿಸುವುದಕ್ಕೂ ನಡುವೆ ಒಂದು ದೊಡ್ಡ ಕಂದಕ. ರೊಮ್ಯಾಂಟಿಕ್ ಯುಗದ ಸಾವಿರಾರು ಕೃತಿಗಳು ಬಿದ್ದಿರುವುದು ಆ ಕಂದಕದಲ್ಲಿ.

ಮೆಟ್ನರ್ ಅದರಲ್ಲಿ ಬಿದ್ದದ್ದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಕೆಲವು ಅವನದೇ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಅವನು ಅಲ್ಲಿನ ಕನ್ಸರ್ವೇಟರಿಯಿಂದ 1900ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದ. ಪಿಯಾನೋ ವಾದಕನಾಗಿ ಹಣ, ಹೆಸರು ಎರಡೂ ಕಾದಿದ್ದವು. ಅವನು ಆರಿಸಿಕೊಂಡದ್ದು ರಚನೆಯನ್ನು. ಹದಿನಾಲ್ಕು ಪಿಯಾನೋ ಸೊನಾಟಾಗಳು, ‘ಸ್ಕಾಜ್ಕಿ’ ಎಂದು ಹೆಸರಿಟ್ಟ ಮೂವತ್ತೆಂಟು ಕಿರುಕೃತಿಗಳು, ಮೂರು ಕಾನ್ಸರ್ಟೊಗಳು, ಮೂರು ವಯೊಲಿನ್ ಸೊನಾಟಾಗಳು, ನೂರಕ್ಕೂ ಹೆಚ್ಚು ಹಾಡುಗಳು ಅವನ ಗಳಿಕೆ. ಪಿಯಾನೋ ಇಲ್ಲದ ಕೃತಿ ಒಂದೂ ಇಲ್ಲ, ಸಿಂಫನಿ ಇಲ್ಲ, ಆಪೆರಾ ಇಲ್ಲ. ಅಂದರೆ ದೊಡ್ಡ ಸಂಸ್ಥೆಗಳ ಕಾರ್ಯಕ್ರಮಪಟ್ಟಿಗೆ ನುಸುಳುವ ಬಾಗಿಲುಗಳನ್ನು ಅವನೇ ಮುಚ್ಚಿಕೊಂಡಿದ್ದ. 1921ರಲ್ಲಿ ರಷ್ಯ ಬಿಟ್ಟ. ಬರ್ಲಿನ್ನಿನಲ್ಲಿ ನೆಲೆ ಸಿಗಲಿಲ್ಲ, ಫ್ರಾನ್ಸಿನಲ್ಲಿ ಕೇಳುಗರು ಸಿಗಲಿಲ್ಲ. ಹೊಸ ಸಂಗೀತವೆಲ್ಲ ಸ್ಟ್ರಾವಿನ್‌ಸ್ಕಿಯ ಹಿಂದೆ ಓಡುತ್ತಿದ್ದ ಕಾಲದಲ್ಲಿ, 1935ರಲ್ಲಿ, ಸಂಗೀತದ ಸನಾತನ ನಿಯಮಗಳನ್ನು ಸಮರ್ಥಿಸಿ ಹೊಸಬರನ್ನು ಖಂಡಿಸುವ ಪುಸ್ತಕವೊಂದನ್ನು ಪ್ರಕಟಿಸಿದ. ಅದನ್ನು ಅಚ್ಚುಹಾಕಿಸಲು ನೆರವಾದವನು ಗೆಳೆಯ ರಖ್ಮಾನಿನೋವ್. ಆ ಗೆಳೆತನವೂ ಒಂದು ಬಗೆಯಲ್ಲಿ ಮೆಟ್ನರ್‌ಗೆ ಭಾರವಾಯಿತು ಎನ್ನಬೇಕು. ಇಬ್ಬರೂ ಒಂದೇ ಕನ್ಸರ್ವೇಟರಿಯವರು, ಒಂದೇ ತಲೆಮಾರಿನವರು, ಇಬ್ಬರೂ ಪಿಯಾನೋದವರು, ಒಬ್ಬರಿಗೊಬ್ಬರು ಕಾನ್ಸರ್ಟೊ ಅರ್ಪಿಸಿದವರು. ಜಗತ್ತಿಗೆ ಒಬ್ಬ ರಖ್ಮಾನಿನೋವ್ ಸಾಕಾಗಿದ್ದ. 1930ರ ದಶಕದ ಮಧ್ಯದಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ಗೆ ಬಂದು ಪಾಠ ಹೇಳಿಕೊಂಡು ಬದುಕುತ್ತಿದ್ದ ಮೆಟ್ನರ್‌ಗೆ ಯುದ್ಧ ಶುರುವಾದೊಡನೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. ಶಿಷ್ಯೆ ಎಡ್ನಾ ಐಲ್ಸ್‌ಳ ಆಶ್ರಯದಲ್ಲಿ ವಾರಿಕ್‌ಶೈರ್‌ನಲ್ಲಿದ್ದು, 1942ರಲ್ಲಿ ಹೃದಯಾಘಾತವನ್ನೂ ಅನುಭವಿಸಿ, ಅವನು ಆ ಮೂರನೆಯ ಕಾನ್ಸರ್ಟೊವನ್ನು ಮುಗಿಸಿದ. 1944ರಲ್ಲಿ ಲಂಡನ್ನಿನಲ್ಲಿ ಅದರ ಮೊದಲ ಪ್ರದರ್ಶನವಾಯಿತು, ನುಡಿಸಿದವನು ಅವನೇ.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ಸಂಗೀತದೊಳಗೇ ಇತ್ತು, ನನ್ನ ವಾದ ನಿಂತಿರುವುದೂ ಅದರ ಮೇಲೆ. ಮೆಟ್ನರ್ ಮೊದಲ ಕೇಳ್ಮೆಗೆ ಒಲಿಯುವವನಲ್ಲ. ರಖ್ಮಾನಿನೋವ್‌ನ ರಾಗ ಸಭಾಂಗಣದಿಂದ ಹೊರಬರುವಾಗ ನಾಲಗೆಯ ಮೇಲಿರುತ್ತದೆ. ಮೆಟ್ನರ್‌ನಲ್ಲಿ ರಾಗದ ತುಣುಕೊಂದು ಮೊದಲು ಅಷ್ಟಾಗಿ ಗಮನ ಸೆಳೆಯದೆ ಬರುತ್ತದೆ, ಆಮೇಲೆ ಬೇರೆ ಲಯದಲ್ಲಿ, ಬೇರೆ ಸ್ವರಗಳ ಅಡಿಯಲ್ಲಿ, ಇನ್ನೊಂದು ರಾಗದ ಜೊತೆ ಹೆಣೆದುಕೊಂಡು ಬರುತ್ತದೆ. ಎಡಗೈಯ ಲಯ ಒಂದು ಕಡೆ, ಬಲಗೈಯದು ಇನ್ನೊಂದು ಕಡೆ ಸಾಗುತ್ತದೆ. ಇ ಮೈನರ್‌ನ ‘ರಾತ್ರಿಗಾಳಿ’ ಸೊನಾಟಾ ಅರ್ಧ ಗಂಟೆಗೂ ಮೀರಿ ಹೀಗೆ ಬಿಡುವಿಲ್ಲದೆ ನಡೆಯುತ್ತದೆ. ಪಲ್ಲವಿ ಗೊತ್ತಿಲ್ಲದವನಿಗೆ ನೆರವಲು ಎಷ್ಟು ಚೆನ್ನಾಗಿ ಹಾಡಿದರೂ ಏನು ಪ್ರಯೋಜನ? ಮೊದಲ ಸಲ ಕೇಳುವವನಿಗೆ ಇಲ್ಲಿ ದಟ್ಟ ಕಾಡು ಕಾಣುತ್ತದೆ, ಮರಗಳು ಕಾಣುವುದಿಲ್ಲ. ಎರಡನೆಯ, ಮೂರನೆಯ ಸಲ ಕೇಳಿದವನಿಗೆ ದಾರಿ ತೆರೆದುಕೊಳ್ಳುತ್ತದೆ. ಕಛೇರಿ ಎಂಬ ವ್ಯವಸ್ಥೆ ಇಂಥ ಸಂಗೀತಕ್ಕೆ ಹೇಳಿ ಮಾಡಿಸಿದ ಶತ್ರು. ಹೊಸ ಕೃತಿಯೊಂದು ಒಂದು ಸಂಜೆ ಒಂದು ಸಲ ನುಡಿಸಲ್ಪಡುತ್ತದೆ, ಮರುದಿನ ಪತ್ರಿಕೆಯಲ್ಲಿ ಅಭಿಪ್ರಾಯ ಬರುತ್ತದೆ, ಮುಂದಿನ ಸಲ ಎಂಬುದು ಬಾರದೇ ಹೋಗುತ್ತದೆ. ಬರ್ವಾಲ್ಡ್‌ಗೆ ಮೊದಲ ಕೇಳ್ಮೆ ಸಿಗಲಿಲ್ಲ. ಮೆಟ್ನರ್‌ಗೆ ಸಿಗದೇ ಹೋದದ್ದು ಎರಡನೆಯದು. ಗ್ರಾಮಫೋನ್ ತಟ್ಟೆ ಕೊಡುವುದು ನಿಖರವಾಗಿ ಅದನ್ನೇ.

ತಟ್ಟೆಗಳ ವ್ಯಾಪಾರದಲ್ಲೂ ಅಪರೂಪದ ಸಂಗೀತಕ್ಕೆ ಜಾಗ ಮಾಡಿಕೊಡುವ ಉಪಾಯ ಬೇಕಾಗಿತ್ತು. ಎಚ್‌ಎಂವಿ ಕಂಪನಿಯ ವಾಲ್ಟರ್ ಲೆಗ್ 1930ರ ದಶಕದ ಆರಂಭದಲ್ಲಿ ಅಂಥದೊಂದನ್ನು ಕಂಡುಹಿಡಿದ. ಒಬ್ಬ ಸಂಗೀತಕಾರನ ಹೆಸರಿನಲ್ಲಿ ‘ಸೊಸೈಟಿ’ ಒಂದನ್ನು ಘೋಷಿಸುವುದು, ಚಂದಾದಾರರಿಂದ ಮೊದಲೇ ಹಣ ಪಡೆಯುವುದು, ಸಾಕಷ್ಟು ಜನ ಸೇರಿದರೆ ಮಾತ್ರ ಮುದ್ರಿಸುವುದು. ಮೊದಲನೆಯದು ಹ್ಯೂಗೊ ವೂಲ್ಫ್ ಸೊಸೈಟಿ. ಜರ್ಮನ್ ಹಾಡುಗಳ ಈ ಸಂಪುಟಕ್ಕೆ ಬೇಕಾಗಿದ್ದವರು 500 ಚಂದಾದಾರರು. ಅದರಲ್ಲಿ ನೂರಕ್ಕೂ ಹೆಚ್ಚು ಮಂದಿ ಸಿಕ್ಕಿದ್ದು ಜಪಾನಿನಲ್ಲಿ. ಈ ಸಣ್ಣ ಸಂಗತಿಯಲ್ಲಿ ದೊಡ್ಡ ಚರಿತ್ರೆಯೇ ಅಡಗಿದೆ. ವಿಯೆನ್ನಾ, ಲಂಡನ್ನಿನ ರಸಿಕನಿಗೆ ಬೀದಿಯ ಕೊನೆಯಲ್ಲಿ ಸಭಾಂಗಣವಿತ್ತು, ಅಲ್ಲಿ ಸಿಕ್ಕಿದ್ದನ್ನು ಕೇಳಿಕೊಂಡು ಅವನು ತೃಪ್ತನಾಗಿದ್ದ. ದೂರದವನಿಗೆ ಸಭಾಂಗಣವೂ ಇಲ್ಲ, ಅದರ ಪಂಕ್ತಿಭೇದವೂ ಇಲ್ಲ. ಪ್ರಸಿದ್ಧನದಾಗಲಿ ಅಜ್ಞಾತನದಾಗಲಿ ಅವನಿಗೆ ಸಂಗೀತ ಬರುವುದು ಒಂದೇ ಬಗೆಯ ತಟ್ಟೆಯಲ್ಲಿ, ಒಂದೇ ಅಂಚೆಯಲ್ಲಿ. ಯಾರನ್ನು ಕೇಳಬೇಕೆಂದು ಅವನೇ ನಿರ್ಧರಿಸುತ್ತಾನೆ.

ಮೈಸೂರಿನ ಕೇಳುಗ ಇಂಥ ದೂರದ ಕೇಳುಗರಲ್ಲಿ ಎಲ್ಲರಿಗಿಂತ ಅನುಕೂಲವಂತ, ನಿಜ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರಿಗೆ ಪಿಯಾನೋ ಕಲಾವಿದರಾಗುವ ಆಸೆಯಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ಒಬ್ಬರ ಹಿಂದೊಬ್ಬರು ತೀರಿಕೊಂಡು ಇಪ್ಪತ್ತೊಂದರ ಹುಡುಗನನ್ನು ಸಿಂಹಾಸನ ಕಟ್ಟಿಹಾಕಿತು. ಲಂಡನ್ನಿನ ಟ್ರಿನಿಟಿ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಅರಮನೆಯ ತಟ್ಟೆಗಳ ಸಂಗ್ರಹವನ್ನು ಕಂಡು ಲೆಗ್ ಬೆರಗಾದ. ಗಂಭೀರ ಸಂಗೀತದಲ್ಲಿ ಊಹಿಸಬಹುದಾದ ಎಲ್ಲ ಮುದ್ರಣಗಳೂ ಅಲ್ಲಿದ್ದವು ಎಂದು ಅವನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಲೆಗ್ ಆಗಷ್ಟೇ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮೂವತ್ತು ತುಂಬದ ಮಹಾರಾಜರು ಒಪ್ಪಿದರು, ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಅವರು ಕೇಳಿದ್ದು ಮೊಜಾರ್ಟ್, ಬೀಥೋವನ್ನರ ಇನ್ನೊಂದು ಮುದ್ರಣವನ್ನಲ್ಲ. ಬಲಾಕಿರೆವ್‌ನ ಸಿಂಫನಿ ಬೇಕೆಂದರು, ರುಸೆಲ್‌ನ ನಾಲ್ಕನೆಯ ಸಿಂಫನಿ ಬೇಕೆಂದರು. ಎರಡನ್ನೂ 1949ರಲ್ಲಿ ಮುದ್ರಿಸಿದ ನಿರ್ದೇಶಕ ಹರ್ಬರ್ಟ್ ಫಾನ್ ಕರಾಯನ್. ಸಭಾಂಗಣದ ರೂಢಿಯಿಂದ ಹೊರಗಿದ್ದವರ ಆಯ್ಕೆ ಎಂಥದ್ದೆಂಬುದು ಈ ಪಟ್ಟಿಯಲ್ಲೇ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮೆಟ್ನರ್ ಸೊಸೈಟಿ ಅವರ ಹಣದಿಂದ ಹುಟ್ಟಿತು. ಉದ್ದೇಶ ಮೆಟ್ನರ್‌ನ ಸಮಗ್ರ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸುವುದು.

1947ರಲ್ಲಿ ಮೂರು ಕಾನ್ಸರ್ಟೊಗಳೂ ಮುದ್ರಣವಾದವು. ಮೊದಲನೆಯದಕ್ಕೆ ನಿರ್ದೇಶಕ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ದೊಬ್ರೊವೆನ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ. ಸೊನಾಟಾಗಳು, ಸ್ಕಾಜ್ಕಿ, ಹಾಡುಗಳು ಸೇರಿ ಮೂರು ಸಂಪುಟಗಳಾದವು. ಗೆಳೆಯ ಬೆನ್ನೊ ಮೊಯ್ಸೇವಿಚ್ ಎರಡು ಪಿಯಾನೋಗಳ ಕೃತಿಯಲ್ಲಿ ಜೊತೆಯಾದ. ಮುಂದೆ ಜಗದ್ವಿಖ್ಯಾತಳಾದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ 1950ರಲ್ಲಿ ಹಾಡಿದಳು, ಪಕ್ಕವಾದ್ಯ ಮೆಟ್ನರ್‌ನದೇ. ಒಂದು ಮುಖಕ್ಕೆ ನಾಲ್ಕೂವರೆ ನಿಮಿಷ ಹಿಡಿಯುವ 78 ಸುತ್ತಿನ ತಟ್ಟೆಗಳಲ್ಲಿ ಅರ್ಧ ಗಂಟೆಗೂ ದೀರ್ಘವಾದ ಕಾನ್ಸರ್ಟೊ ಹಿಡಿಸಲು ಸಂಗೀತವನ್ನು ಏಳೆಂಟು ಕಡೆ ಕತ್ತರಿಸಬೇಕಾಗಿತ್ತು. ಅರವತ್ತೇಳು ದಾಟಿದ, ಹೃದಯ ದುರ್ಬಲವಾದ ವಾದಕ ತಪ್ಪಿಲ್ಲದೆ ನುಡಿಸಬೇಕು, ತಪ್ಪಿದರೆ ಮುಖ ಪೂರ್ತಿ ಮತ್ತೆ ನುಡಿಸಬೇಕು. ಆದರೂ ಈ ಮುದ್ರಣಗಳಲ್ಲಿ ಮುದುಕನ ಬೆರಳುಗಳು ಎಲ್ಲೂ ಕುಂಟುವುದಿಲ್ಲ; ಬರಹದಲ್ಲಿ ಜಟಿಲವಾಗಿ ಕಾಣುವ ಲಯ ಅವನ ಕೈಯಲ್ಲಿ ಮಾತಿನಷ್ಟು ಸಹಜವಾಗಿ ಹರಿಯುತ್ತದೆ. ಹದಿನಾಲ್ಕು ಸೊನಾಟಾಗಳೂ ಮುಗಿಯಲಿಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡ. ಪ್ರಾಸಂಗಿಕವಾಗಿ ಇನ್ನೊಂದು ಮಾತು. ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಅದರ ಬೆನ್ನಿಗೂ ಮೈಸೂರಿನ ಖಾತರಿ ಹಣವಿತ್ತು, ಆ ಪ್ರದರ್ಶನದ ಮುದ್ರಣ ಮಹಾರಾಜರ ಸಂಗ್ರಹಕ್ಕೆ ಸೇರಬೇಕೆಂಬ ಏರ್ಪಾಡಾಗಿತ್ತು. ಸ್ಟ್ರಾಸ್‌ನ ಸಂಗೀತವನ್ನು ಕಂಡರಾಗದ ಮೆಟ್ನರ್‌ಗೂ ಸ್ಟ್ರಾಸ್‌ಗೂ ಒಂದೇ ಥೈಲಿಯಿಂದ ಹಣ ಹೋದದ್ದು ಚರಿತ್ರೆಯ ತಮಾಷೆ.

ಇಷ್ಟಾದರೂ ಮೆಟ್ನರ್ ಒಡನೆಯೇ ಪ್ರಸಿದ್ಧನಾಗಲಿಲ್ಲ. ಸಂದೇಹವಾದಿಗಳು ಎತ್ತುವ ಮೊದಲ ಆಕ್ಷೇಪ ಇದೇ: ರಾಜನ ಹಣ ಬಂತು, ಶ್ರೇಷ್ಠ ವಾದ್ಯವೃಂದ ಬಂತು, ರಚನಾಕಾರನೇ ನುಡಿಸಿದ, ಆದರೂ ಜಗತ್ತು ಕಿವಿಗೊಡಲಿಲ್ಲವೆಂದರೆ ಸಂಗೀತದಲ್ಲೇ ಹುರುಳಿರಲಿಲ್ಲ ಎಂದಲ್ಲವೆ? ಇದಕ್ಕೆ ಉತ್ತರ ತಟ್ಟೆಗಳ ಚರಿತ್ರೆಯಲ್ಲೇ ಇದೆ. ಅಮೆರಿಕದಲ್ಲಿ 1948ರಲ್ಲೇ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದಿತ್ತು. ಎಚ್‌ಎಂವಿಯ ಒಡೆಯನಾದ ಇಎಂಐ ಕಂಪನಿ ಹಠ ಹಿಡಿದು 1952ರವರೆಗೂ ಹಳೆಯ 78ಕ್ಕೇ ಅಂಟಿಕೊಂಡಿತ್ತು. ಮೈಸೂರಿನ ಸಂಪುಟಗಳು ಹೊರಬಂದದ್ದು ಸಾಯುತ್ತಿದ್ದ ಯಂತ್ರಕ್ಕಾಗಿ. ಕೆಲವೇ ವರ್ಷಗಳಲ್ಲಿ ಆ ಭಾರವಾದ ಪೆಟ್ಟಿಗೆಗಳನ್ನು ನುಡಿಸುವ ಸಾಧನವೇ ಮನೆಗಳಿಂದ ಮಾಯವಾಯಿತು. ಬಹುಕಾಲದ ನಂತರ, 1990ರ ದಶಕದಲ್ಲಿ ಟೆಸ್ಟಮೆಂಟ್ ಕಂಪನಿ ಅವುಗಳನ್ನು ಸಿಡಿಗೆ ತಂದಿತು. ಈ ನಡುವೆ ಮೆಟ್ನರ್‌ನ ವಿಧವೆ ಆನ್ನಾ ಮಾಸ್ಕೋಗೆ ಮರಳಿದಳು, 1959ರಿಂದ 1963ರೊಳಗೆ ಅಲ್ಲಿ ಅವನ ಸಮಗ್ರ ಸ್ವರಲಿಪಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಎಮಿಲ್ ಗಿಲೆಲ್ಸ್‌ನಂಥ ದೊಡ್ಡ ವಾದಕ ಅವನ ಸೊನಾಟಾಗಳನ್ನು ಕೈಗೆತ್ತಿಕೊಂಡ. ಸ್ವರಲಿಪಿ ದೊರಕುವಂತಾಯಿತು, ನುಡಿಸಿದರೆ ಹೇಗಿರುತ್ತದೆಂಬ ಸಾಕ್ಷ್ಯವೂ ಎಲ್ಲೋ ಉಳಿದಿತ್ತು. ಇವೆರಡೂ ಕೂಡಿ ಬರಲು ನಲವತ್ತು ವರ್ಷ ಬೇಕಾಯಿತು.

ಅಷ್ಟರಲ್ಲಿ ಮೈಸೂರಿನವರು ಒಬ್ಬಂಟಿಯಾಗಿ ಮಾಡಿದ್ದನ್ನು ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಮಾಡತೊಡಗಿದ್ದರು. 1960ರ ದಶಕದಲ್ಲಿ ಅಮೆರಿಕದ ಪಿಯಾನೋ ವಾದಕ ರೇಮಂಡ್ ಲೆವೆಂಥಾಲ್, ಶೊಪ್ಯಾನ್‌ನ ಸಮಕಾಲೀನ ಆಲ್ಕಾನ್‌ನನ್ನು ರೇಡಿಯೋ ಮತ್ತು ತಟ್ಟೆಗಳ ಮೂಲಕ ಎಬ್ಬಿಸಿದ. 1968ರಲ್ಲಿ ಇಂಡಿಯಾನಾಪೊಲಿಸ್‌ನ ಬಟ್ಲರ್ ವಿಶ್ವವಿದ್ಯಾಲಯದಲ್ಲಿ ಅಲಕ್ಷಿತ ರೊಮ್ಯಾಂಟಿಕ್ ಸಂಗೀತಕ್ಕೆಂದೇ ಉತ್ಸವ ನಡೆಯಿತು. ಮೈಕೆಲ್ ಪಾಂಟಿ ಎಂಬ ದಣಿವರಿಯದ ವಾದಕ ವಾಕ್ಸ್ ಕಂಪನಿಗಾಗಿ ಯಾರೂ ಹೆಸರು ಕೇಳದ ಕಾನ್ಸರ್ಟೊಗಳನ್ನು ಒಂದರ ಹಿಂದೊಂದು ಮುದ್ರಿಸಿದ. ಅಗ್ಗದ ತಟ್ಟೆಗಳು, ಅವಸರದ ಅಭ್ಯಾಸ, ಕೆಲವೆಡೆ ವಾದ್ಯವೃಂದ ತತ್ತರಿಸುವುದೂ ಕೇಳುತ್ತದೆ, ಆದರೂ ಒಂದು ತಲೆಮಾರಿನ ಕೇಳುಗರಿಗೆ ಅವೇ ಪಠ್ಯಪುಸ್ತಕ. 1987ರಿಂದ ಜರ್ಮನಿಯ ಹೂಸುಮ್ ಎಂಬ ಪುಟ್ಟ ಊರಿನ ಕೋಟೆಮನೆಯಲ್ಲಿ ಅಪರೂಪದ ಪಿಯಾನೋ ಸಂಗೀತಕ್ಕೇ ಮೀಸಲಾದ ಉತ್ಸವ ನಡೆದುಬಂದಿದೆ. 1991ರಲ್ಲಿ ಲಂಡನ್ನಿನ ಹೈಪೀರಿಯನ್ ಕಂಪನಿ ರೊಮ್ಯಾಂಟಿಕ್ ಪಿಯಾನೋ ಕಾನ್ಸರ್ಟೊಗಳ ಮಾಲೆಯನ್ನು ಆರಂಭಿಸಿತು. ಅದು ಎಂಬತ್ತು ಸಂಪುಟ ದಾಟಿದೆ. ಮಾಲೆಯ ಎರಡನೆಯ ಸಂಪುಟದಲ್ಲಿದ್ದದ್ದು ಮೆಟ್ನರ್‌ನ ಎರಡನೆಯ ಮತ್ತು ಮೂರನೆಯ ಕಾನ್ಸರ್ಟೊಗಳು. ನಿಕೊಲಾಯ್ ದೆಮಿದೆಂಕೊ ನುಡಿಸಿದ ಆ ಮುದ್ರಣಕ್ಕೆ 1992ರ ಗ್ರಾಮಫೋನ್ ಪ್ರಶಸ್ತಿ ಬಂತು. 1990ರ ದಶಕದ ಕೊನೆಗೆ ಮಾರ್ಕ್-ಆಂದ್ರೆ ಹ್ಯಾಮ್ಲಿನ್ ಹದಿನಾಲ್ಕು ಸೊನಾಟಾಗಳನ್ನೂ ಮುದ್ರಿಸಿ ಮುಗಿಸಿದ. ಮೈಸೂರಿನ ಸೊಸೈಟಿ ಅರ್ಧಕ್ಕೆ ಬಿಟ್ಟ ಕೆಲಸ ಐವತ್ತು ವರ್ಷ ತಡವಾಗಿ ಹೀಗೆ ಪೂರ್ತಿಯಾಯಿತು. ಈಗ ಕಛೇರಿಗಳಲ್ಲಿ ಮೆಟ್ನರ್‌ನ ‘ರೆಮಿನಿಸೆಂಜಾ’ ಸೊನಾಟಾ ಕೇಳಿಬರುವುದು ಅಚ್ಚರಿಯ ಸಂಗತಿಯಲ್ಲ. ಕ್ರಮವನ್ನು ಗಮನಿಸಿ: ಮೊದಲು ಮುದ್ರಣ, ಆಮೇಲೆ ಕಛೇರಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕೇಳ್ಮೆಯೇ ಸಿಗದವರ ಮಾತು ಬಿಡಿ, ಧಾರಾಳವಾಗಿ ಕೇಳ್ಮೆ ಸಿಕ್ಕಿಯೂ ಮುಳುಗಿದವರಿಲ್ಲವೆ? ಇದ್ದಾರೆ. ಯೋವಾಕಿಮ್ ರಾಫ್ 1870ರ ದಶಕದಲ್ಲಿ ಜರ್ಮನಿಯಲ್ಲೂ ಅಮೆರಿಕದಲ್ಲೂ ಎಲ್ಲರಿಗಿಂತ ಹೆಚ್ಚು ನುಡಿಸಲ್ಪಡುತ್ತಿದ್ದ ಸಿಂಫನಿಕಾರರಲ್ಲಿ ಒಬ್ಬ, ಹನ್ನೊಂದು ಸಿಂಫನಿಗಳ ಒಡೆಯ. 1882ರಲ್ಲಿ ಸತ್ತ ಮೇಲೆ ಬಹಳ ಬೇಗ ಅವನ ಹೆಸರು ಅಳಿಸಿಹೋಯಿತು. ಈಗ ಹನ್ನೊಂದೂ ಮುದ್ರಣದಲ್ಲಿ ಸಿಗುತ್ತವೆ. ಕೇಳಿದರೆ, ‘ಲೆನೋರ್’ ಸಿಂಫನಿಯಂಥ ಒಂದೆರಡನ್ನು ಬಿಟ್ಟು, ಹಳೆಯ ತೀರ್ಪು ಅಷ್ಟೇನೂ ಅನ್ಯಾಯದ್ದಲ್ಲ ಅನಿಸುತ್ತದೆ. ಚೆಂದದ ರಾಗಗಳಿವೆ, ಅವು ಎಲ್ಲಿಗೂ ಹೋಗಿ ತಲುಪುವುದಿಲ್ಲ. ಹೈಪೀರಿಯನ್ ಮಾಲೆಯ ಸಂಪುಟಗಳಲ್ಲೂ ಒಮ್ಮೆ ಕೇಳಿ ಕಪಾಟಿಗೆ ಸೇರಿಸಬಹುದಾದವು ಕಡಿಮೆಯಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ನನ್ನ ವಾದ ಸಡಿಲವಾಗುವುದಿಲ್ಲ. ಮರೆತವರೆಲ್ಲ ಮಹಾನುಭಾವರು ಎಂದು ನಾನು ಹೇಳುತ್ತಿಲ್ಲ. ರಾಫ್ ಸೋತ, ಮೆಟ್ನರ್ ಗೆದ್ದ ಎಂದು ನಾವಿಂದು ಹೇಳಬಲ್ಲೆವಾದರೆ ಅದು ಇಬ್ಬರನ್ನೂ ಕೇಳಿ ಹೇಳುವ ಮಾತು. ನಲವತ್ತು ವರ್ಷಗಳ ಹಿಂದೆ ಅದೇ ಮಾತು ಬರೀ ವದಂತಿಯಾಗಿತ್ತು, ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಕಲಾದ ವಾಕ್ಯವಾಗಿತ್ತು.

ತಟ್ಟೆಯಲ್ಲಿ ಉಳಿದ ಸಂಗೀತ ಬದುಕಿದ ಸಂಗೀತವಲ್ಲ, ಕಪಾಟಿನ ಕೌತುಕ ಮಾತ್ರ ಎನ್ನುವವರೂ ಇದ್ದಾರೆ. ವಾದಕರ ಕೈಯಲ್ಲಿ, ಸಭಿಕರ ಎದುರಿನಲ್ಲಿ ನಡೆಯುವುದೇ ಸಂಗೀತದ ನಿಜವಾದ ಬಾಳು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಛೇರಿಯ ಬಾಗಿಲು ತೆರೆಯುವ ಕೀಲಿ ಈಗ ಯಾರ ಕೈಯಲ್ಲಿದೆ ನೋಡಿ. ಎಳೆಯ ವಾದಕನೊಬ್ಬ ಮೆಟ್ನರ್‌ನನ್ನೋ ಫ್ಯಾನಿಯನ್ನೋ ಕಾರ್ಯಕ್ರಮಕ್ಕೆ ಸೇರಿಸುವುದು ಹೆಚ್ಚಾಗಿ ಮುದ್ರಣದಲ್ಲಿ ಕೇಳಿ ಮನಸೋತ ಮೇಲೆ. ಸಂಘಟಕರು ಒಪ್ಪುವುದು ಮುದ್ರಣಕ್ಕೆ ಕೇಳುಗರಿದ್ದಾರೆಂದು ತಿಳಿದ ಮೇಲೆ. ಸಭಿಕರಲ್ಲಿ ಕೆಲವರಾದರೂ ಆ ಕೃತಿಯನ್ನು ಎರಡನೆಯ ಸಲ ಕೇಳುತ್ತಿರುತ್ತಾರೆ. ಮೆಟ್ನರ್‌ನ ಜೀವಿತಕಾಲದಲ್ಲಿ ಅವನ ಎದುರು ಇಂಥ ಸಭೆ ಕುಳಿತದ್ದು ಬಹಳ ಕಡಿಮೆ.

ಕನ್ನಡದ ಓದುಗರು ಎತ್ತಬಹುದಾದ ಆಕ್ಷೇಪ ಬೇರೆಯದು, ಅದನ್ನು ಮುಚ್ಚಿಡಬಾರದು. ಕಾನ್ಸರ್ಟೊಗಳ ಮುದ್ರಣವಾದ 1947 ಮೈಸೂರು ಚಲೋ ಚಳವಳಿಯ ವರ್ಷ. ಜವಾಬ್ದಾರಿ ಸರ್ಕಾರ ಕೇಳಿ ಜನ ಬೀದಿಗಿಳಿದು ಜೈಲು ತುಂಬುತ್ತಿದ್ದಾಗ, ಆ ಜನರ ತೆರಿಗೆಯ ಮೇಲೆ ನಿಂತ ಅರಮನೆಯಿಂದ ಲಂಡನ್ನಿನ ವಾದ್ಯವೃಂದಕ್ಕೆ ಪೌಂಡುಗಳು ಹೋಗುತ್ತಿದ್ದುದು ಹಿತವಾದ ಚಿತ್ರವಲ್ಲ. ಅರಮನೆ ಇದೇ ಕಾಲದಲ್ಲಿ ವಾಸುದೇವಾಚಾರ್ಯ, ಚೌಡಯ್ಯನವರಂಥ ಆಸ್ಥಾನ ವಿದ್ವಾಂಸರನ್ನೂ ಪೋಷಿಸಿತ್ತು, ಮಹಾರಾಜರು ಸ್ವತಃ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು ಎಂದು ಸಮಾಧಾನ ಹೇಳಬಹುದು. ಅದು ರಾಜಕೀಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ನಾನು ಹೇಳಬಯಸುವುದಿಷ್ಟೇ: ರಾಜನ ಇಚ್ಛೆಯ ಮೇಲೆ ನಿಂತ ಪೋಷಣೆ ರಾಜ್ಯದೊಂದಿಗೇ ಮುಗಿಯಿತು, ಮುಗಿಯಲೇಬೇಕಿತ್ತು. ಮುಂದೆ ಅದೇ ಕೆಲಸವನ್ನು ಮಾಡಿದ್ದು ಸಾಮಾನ್ಯರ ಹಣ. ದೆಮಿದೆಂಕೊ ಜೊತೆ ಮೆಟ್ನರ್ ನುಡಿಸಿದ ಬಿಬಿಸಿ ಸ್ಕಾಟಿಷ್ ವಾದ್ಯವೃಂದ ಬ್ರಿಟನ್ನಿನ ಮನೆಮನೆಯ ಲೈಸೆನ್ಸ್ ಶುಲ್ಕದಿಂದ ನಡೆಯುವಂಥದ್ದು, ಹೈಪೀರಿಯನ್ ತಟ್ಟೆಗಳನ್ನು ಕೊಂಡವರು ಸಂಬಳದವರು. ಪೋಷಕ ಬದಲಾದ, ಅಗತ್ಯ ಬದಲಾಗಲಿಲ್ಲ. ಮಾರುಕಟ್ಟೆ ತಾನಾಗಿ ಎಂದೂ ಎರಡನೆಯ ಕೇಳ್ಮೆಗೆ ಹಣ ಕೊಡುವುದಿಲ್ಲ.

ಹೈಪೀರಿಯನ್ 2023ರಲ್ಲಿ ಯೂನಿವರ್ಸಲ್ ಕಂಪನಿಯ ಪಾಲಾದ ಮೇಲೆ, ಅಲ್ಲಿಯವರೆಗೆ ಅಂತರ್ಜಾಲದ ಸೇವೆಗಳಿಂದ ದೂರವಿದ್ದ ಆ ಭಂಡಾರವೂ ಫೋನಿಗೆ ಇಳಿದುಬಂದಿದೆ. ಅರಮನೆಯ ಕೋಣೆಗಳನ್ನು ತುಂಬಿದ್ದ ಸಂಗ್ರಹಕ್ಕಿಂತ ದೊಡ್ಡದು ಈಗ ಬಸ್ಸಿನಲ್ಲಿ ಕುಳಿತ ಹುಡುಗಿಯ ಕೈಯಲ್ಲಿದೆ. ಮೇಲ್ಮನವಿಗೆ ಈಗ ಹಣ ಬೇಕಿಲ್ಲ, ವ್ಯವಧಾನ ಬೇಕು. ಮೆಟ್ನರ್‌ನಿಂದ ಶುರುಮಾಡುವುದಾದರೆ ಗಿಲೆಲ್ಸ್ ನುಡಿಸಿದ ‘ರೆಮಿನಿಸೆಂಜಾ’ ಸೊನಾಟಾವನ್ನು ಕೇಳಿ, ಕಾಲು ಗಂಟೆಯೂ ಹಿಡಿಯುವುದಿಲ್ಲ. ಆಮೇಲೆ ಮೂರನೆಯ ಕಾನ್ಸರ್ಟೊ, 1947ರ ಮುದ್ರಣದಲ್ಲೇ, ತಟ್ಟೆಯ ಸದ್ದಿನ ಸಮೇತ. ಹಿಡಿಸದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಆ ತೀರ್ಪಿಗೆ ನನ್ನ ತಕರಾರಿಲ್ಲ.